ಮಳೆಯ ಲೆಕ್ಕವೂ ಗಣಕದ ಚೌಕಗಳೂ

ದಾವಣಗೆರೆ, ಲೋಕಿಕೆರೆ, ದೇವರಬೆಳಕೆರೆ ಮೊದಲಾದ ಊರುಗಳು ತಮ್ಮ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತು ನಿಂತಿರುವುದು ಆಕಸ್ಮಿಕವಲ್ಲ. ವರ್ಷಕ್ಕೆ 600 ಮಿ.ಮೀ.ಗಳ ಆಸುಪಾಸಿನಲ್ಲಿ ಮಳೆ ಬೀಳುವ ಈ ಬಯಲುಸೀಮೆಯಲ್ಲಿ, ಬಿದ್ದ ಮಳೆಯನ್ನು ತಡೆದು ನಿಲ್ಲಿಸುವುದೇ ಬದುಕಿನ ಮೊದಲ ಪಾಠವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುವುದನ್ನೇ ಕಾಯಕವೆಂದು ಕೈಗೊಂಡದ್ದು ಸರ್ವವಿದಿತ. ನಮ್ಮ ಕಾಲದಲ್ಲಿ ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ವಿಶೇಷ ಕಾಳಜಿ ವಹಿಸಿದ, ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಯ ನೀರನ್ನೆತ್ತಿ 22 ಕೆರೆಗಳನ್ನು ತುಂಬಿಸುವ ಏತ ನೀರಾವರಿ ಯೋಜನೆಯೂ ಅದೇ ಪರಂಪರೆಗೆ ಸೇರಿದ್ದು. ಆದರೆ ಕೆರೆ ತುಂಬಿಸಹೊರಟವರ ಮುಂದೆ ಒಂದು ಪ್ರಶ್ನೆ ಸದಾ ನಿಂತಿರುತ್ತದೆ. ಸುತ್ತಲ ನೆಲದಿಂದ ಹಳ್ಳ ಹರಿದು ಆ ಕೆರೆಗೆ ತಾನಾಗಿಯೇ ಎಷ್ಟು ನೀರು ಬಂದೀತು? ನದಿಯಿಂದ ಎಷ್ಟನ್ನು ಎತ್ತಿ ತರಬೇಕಾದೀತು?

ಇಂಥ ಪ್ರಶ್ನೆಗೆ ಉತ್ತರ ಹೇಳುವ ಶಾಸ್ತ್ರವೇ ಜಲವಿಜ್ಞಾನ. ಬಿದ್ದ ಮಳೆಯಲ್ಲಿ ಮಣ್ಣು ಹೀರಿಕೊಳ್ಳುವ ಪಾಲೆಷ್ಟು, ಬಿಸಿಲಿಗೆ ಆವಿಯಾಗುವ ಪಾಲೆಷ್ಟು, ಬೆಳೆ ಕುಡಿಯುವ ಪಾಲೆಷ್ಟು, ಕೊನೆಗೆ ಹಳ್ಳಕ್ಕೆ ಇಳಿಯುವ ಪಾಲೆಷ್ಟು ಎಂಬುದನ್ನು ಸಮೀಕರಣಗಳ ಮೂಲಕ ದಿನದಿನವೂ ಲೆಕ್ಕ ಹಾಕುವ ವ್ಯವಸ್ಥೆಗೆ ಗಣಿತ ಮಾದರಿ ಎಂದು ಹೆಸರು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ರೂಪಿಸಿದ ‘ಸ್ವಾಟ್’ ಮತ್ತು 1994ರಲ್ಲಿ ಪ್ರಕಟವಾದ ‘ವಿ.ಐ.ಸಿ.’ ಎಂಬ ಮಾದರಿಗಳು ಇಂದು ಜಗತ್ತಿನ ನಾನಾ ನದೀಕಣಿವೆಗಳಲ್ಲಿ ಬಳಕೆಯಲ್ಲಿವೆ. ಮಾದರಿಯು ಎಷ್ಟೇ ಸೂಕ್ಷ್ಮವಾಗಿರಲಿ, ಅದು ತಾನಾಗಿ ಮಳೆಯನ್ನು ಕಂಡದ್ದಲ್ಲ. ಅದಕ್ಕೆ ಉಣಿಸಿದ ಅಂಕೆಗಳೇ ಅದರ ಮಳೆ. ಆ ಅಂಕೆಗಳನ್ನು ಉಣಿಸಲು ಯೋಗ್ಯವಾಗುವಂತೆ ಅಣಿಗೊಳಿಸುವ ಕೆಲಸ ಲೆಕ್ಕ ಹಾಕುವ ಕೆಲಸಕ್ಕಿಂತ ಹೆಚ್ಚು ಶ್ರಮದ್ದು; ಹೊರಗಿನವರ ಕಣ್ಣಿಗೆ ಬೀಳುವುದು ಮಾತ್ರ ಕಡಿಮೆ.

ಮೂಲದಲ್ಲಿರುವುದು ಮಳೆಮಾಪಕ. ಸೈಮನ್ಸ್ ಮಾಪಕವೆಂದು ಪ್ರಸಿದ್ಧವಾದ ಹಳೆಯ ಮಾಪಕದ ಬಾಯಿಯ ವ್ಯಾಸ 127 ಮಿ.ಮೀ., ಅಂದರೆ ಐದು ಅಂಗುಲ. ಅದರ ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು, ಸಮೀಪದ ಮರ ಅಥವಾ ಗೋಡೆ ತನ್ನ ಎತ್ತರದ ಎರಡು ಪಟ್ಟಿನಷ್ಟಾದರೂ ದೂರವಿರಬೇಕು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಒಳಗಿನ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು ಓದಿ, ದಾಖಲೆಪುಸ್ತಕದಲ್ಲಿ ಬರೆಯಬೇಕು. ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ಶಾಸ್ತ್ರೀಯ ರೂಪ ಬಂದದ್ದು 1890ರ ದಶಕದ ಆರಂಭದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾವೀಕ್ಷಣಾಲಯಗಳು ತೆರೆದುವು. ಮಳೆಯ ವಾರ್ಷಿಕ ವರದಿಗಳು ಅಚ್ಚಾಗತೊಡಗಿದುವು. ದಾವಣಗೆರೆ 1997ರವರೆಗೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತಾದ್ದರಿಂದ ಇಲ್ಲಿಯ ಹಳೆಯ ಮಳೆಯ ಲೆಕ್ಕವನ್ನು ಅರಸುವವರು ಆ ಜಿಲ್ಲೆಯ ಕಡತಗಳನ್ನೇ ತೆರೆಯಬೇಕಾಗುತ್ತದೆ. 1988ರಲ್ಲಿ ಕರ್ನಾಟಕ ಸರ್ಕಾರ ಬರ ನಿಗಾ ಕೋಶವನ್ನು ಸ್ಥಾಪಿಸಿತು. ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಆ ಸಂಸ್ಥೆಯು ಗ್ರಾಮ ಪಂಚಾಯತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕಿದ ಸ್ವಯಂಚಾಲಿತ ಮಳೆಮಾಪಕಗಳನ್ನು ನಾಡಿನಾದ್ಯಂತ ನೆಟ್ಟಿತು. ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಸುದ್ದಿ ಕಳುಹಿಸುವ ಈ ಯಂತ್ರಗಳಿಗೆ ಸಮನಾದ ಜಾಲವು ದೇಶದ ಬೇರೆ ರಾಜ್ಯಗಳಲ್ಲಿ ವಿರಳ.

ಇಷ್ಟಾದರೂ ಮಾಪಕ ಅಳೆಯುವುದು ತನ್ನ ಬಾಯೊಳಗೆ ಬಿದ್ದ ಹನಿಗಳನ್ನು ಮಾತ್ರ. ಒಂದು ಊರಿನ ಅಂಗೈಯಗಲದ ಬಾಯಿಯಿಂದ ಸುತ್ತಲಿನ ನೂರಾರು ಚದರ ಕಿಲೋಮೀಟರಿನ ಮಳೆಯನ್ನು ಊಹಿಸಬೇಕಾಗಿದೆ. ಮುಂಗಾರು ಹಿಡಿದಾಗ ಸುರಿಯುವ ಜಡಿಮಳೆಯಾದರೆ ಊಹೆ ಬಹುಮಟ್ಟಿಗೆ ಸರಿಹೋದೀತು. ಆದರೆ ಬೇಸಗೆಯ ಕೊನೆಯ ಗುಡುಗುಮಳೆಯಲ್ಲಿ ಬದುವಿನ ಈಚೆಗೆ ನೀರು ನಿಂತು ಆಚೆಗೆ ಧೂಳು ಹಾರುವುದನ್ನು ಈ ಭಾಗದ ಒಕ್ಕಲುಮಕ್ಕಳು ಚೆನ್ನಾಗಿ ಬಲ್ಲರು.

ಮಾದರಿಗೆ ಬೇಕಾಗುವುದು ಚೆದುರಿದ ಬಿಂದುಗಳಲ್ಲ, ಇಡೀ ನೆಲವನ್ನು ಮುಚ್ಚುವ ಸಮನಾದ ಚೌಕಗಳು. ಆದುದರಿಂದ ಭೂಪಟದ ಮೇಲೆ ಅಕ್ಷಾಂಶ ರೇಖಾಂಶಗಳ ಗೆರೆಗಳನ್ನೆಳೆದು, ಗೆರೆಗಳು ಕೂಡುವ ಪ್ರತಿಯೊಂದು ಬಿಂದುವಿಗೂ ದಿನದಿನದ ಮಳೆಯನ್ನು ಲೆಕ್ಕ ಹಾಕಿ ತುಂಬುವ ಪದ್ಧತಿ ಬಂದಿತು. ಭಾರತ ಹವಾಮಾನ ಇಲಾಖೆಯ ವಿಜ್ಞಾನಿಗಳು 6955 ಮಳೆಕೇಂದ್ರಗಳ ದಾಖಲೆಗಳನ್ನು ಕ್ರೋಡೀಕರಿಸಿ, 1901ರಿಂದ ಮೊದಲ್ಗೊಂಡು ಕಾಲು ಡಿಗ್ರಿಗೊಂದು ಬಿಂದುವಿನಂತೆ ಸಿದ್ಧಪಡಿಸಿದ ಜಾಲವು 2014ರಲ್ಲಿ ಪ್ರಕಟವಾಯಿತು. ಅಕ್ಷಾಂಶ 14.25 ಮತ್ತು 14.50, ರೇಖಾಂಶ 75.75 ಮತ್ತು 76.00 ಇವು ಸಂಧಿಸುವ ನಾಲ್ಕು ಬಿಂದುಗಳ ನಡುವೆ ದಾವಣಗೆರೆ ನಗರವು ಬರುತ್ತದೆ. ಹರಿಹರವು 14.50ರ ಗೆರೆಯನ್ನು ತುಸು ದಾಟಿ ಉತ್ತರಕ್ಕಿರುವುದರಿಂದ ಅದು ಬೇರೊಂದು ಚೌಕಕ್ಕೆ ಸಲ್ಲುತ್ತದೆ. ಇಂಥ ಒಂದು ಚೌಕದ ಬದಿ ಸುಮಾರು 27 ಕಿ.ಮೀ.; ವಿಸ್ತೀರ್ಣ ಏಳುನೂರು ಚದರ ಕಿ.ಮೀ.ಗೂ ಅಧಿಕ. ಅಷ್ಟೂ ನೆಲಕ್ಕೆ, ಅದರ ಎಲ್ಲ ಹಳ್ಳಿಗಳಿಗೆ, ದಿನಕ್ಕೆ ಒಂದೇ ಒಂದು ಅಂಕೆ!

ಬಿಂದುವಿನ ಮಳೆಯನ್ನು ಗುಣಿಸುವ ಕ್ರಮಗಳಲ್ಲಿ ಹಳೆಯದು 1911ರಲ್ಲಿ ಅಮೆರಿಕದ ಥೀಸೆನ್ ಹೇಳಿದ್ದು. ಪ್ರತಿಯೊಂದು ತುಂಡು ನೆಲವೂ ತನಗೆ ಅತಿ ಸಮೀಪದ ಮಾಪಕದ ಮಳೆಯನ್ನೇ ತನ್ನದೆಂದು ಒಪ್ಪಿಕೊಳ್ಳಬೇಕು ಎಂಬುದು ಅದರ ತತ್ತ್ವ. ನಮ್ಮ ಹವಾಮಾನ ಇಲಾಖೆ ಅನುಸರಿಸಿದ್ದು 1968ರಲ್ಲಿ ಡೊನಾಲ್ಡ್ ಶೆಪರ್ಡ್ ಮಂಡಿಸಿದ ಕ್ರಮವನ್ನು. ಸಮೀಪದ ಮಾಪಕಕ್ಕೆ ಹೆಚ್ಚು ತೂಕ, ದೂರದ ಮಾಪಕಕ್ಕೆ ಕಡಿಮೆ ತೂಕ. ಅದರ ಸರಳ ರೂಪದಲ್ಲಿ ದೂರ ಇಮ್ಮಡಿಯಾದರೆ ತೂಕ ಕಾಲುಭಾಗಕ್ಕೆ ಇಳಿಯುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಂದು ಬಿಂದುವಿನಿಂದ 5, 10 ಮತ್ತು 20 ಕಿ.ಮೀ. ದೂರದಲ್ಲಿ ಮೂರು ಮಾಪಕಗಳಿವೆ. ಒಂದು ದಿನ ಅವುಗಳಲ್ಲಿ ಕ್ರಮವಾಗಿ 40, 10 ಮತ್ತು 0 ಮಿ.ಮೀ. ಮಳೆಯಾಗಿದೆ ಎನ್ನೋಣ. ಅವುಗಳ ತೂಕಗಳು 16, 4, 1ರ ಪ್ರಮಾಣದಲ್ಲಿರುತ್ತವೆ. 16ನ್ನು 40ರಿಂದಲೂ, 4ನ್ನು 10ರಿಂದಲೂ, 1ನ್ನು ಸೊನ್ನೆಯಿಂದಲೂ ಗುಣಿಸಿ ಕೂಡಿದರೆ 680. ಅದನ್ನು ತೂಕಗಳ ಮೊತ್ತವಾದ 21ರಿಂದ ಭಾಗಿಸಿದರೆ 32.4 ಮಿ.ಮೀ. ಈಗ, ಸಮೀಪದ ಮಾಪಕವನ್ನು ಓದುವವರು ಅಂದು ಊರಲ್ಲಿಲ್ಲದೆ ಅಂಕಣ ಖಾಲಿ ಉಳಿಯಿತೆಂದಿಟ್ಟುಕೊಳ್ಳಿ. ಖಾಲಿಯನ್ನು ಖಾಲಿಯೆಂದೇ ತಿಳಿದು ಉಳಿದೆರಡು ಮಾಪಕಗಳಿಂದ ಲೆಕ್ಕ ಹಾಕಿದರೆ 8 ಮಿ.ಮೀ. ಬರುತ್ತದೆ. ಖಾಲಿ ಅಂಕಣವನ್ನು ಸೊನ್ನೆಯೆಂದು ನಕಲು ಮಾಡಿದರೆ ಬರುವುದು 1.9 ಮಿ.ಮೀ. ಮಾತ್ರ. ಆಕಾಶದಿಂದ ಬಿದ್ದ ಮಳೆ ಒಂದೇ. ಕಾಗದದ ಮೇಲೆ ಅದು ಮೂರಾಯಿತು. ನಡುವಿನ ಉತ್ತರವೂ ತಪ್ಪೇ, ಆದರೆ ಅದು ಅರಿಯದವನ ಪ್ರಾಮಾಣಿಕ ತಪ್ಪು. ಕೊನೆಯದು ಇಲ್ಲದ ಬರವನ್ನು ಸೃಷ್ಟಿಸುವ ತಪ್ಪು.

ಶೂನ್ಯವೆಂಬ ಪದಕ್ಕೆ ಶರಣರು ಕೊಟ್ಟ ಅರ್ಥದ ಆಳ ಬೇರೆ. ಅದನ್ನು ಇಲ್ಲಿಗೆ ಎಳೆಯುವುದು ಸಲ್ಲದು. ಆದರೆ ಲೆಕ್ಕದ ಪುಸ್ತಕದಲ್ಲಿ ‘ಮಳೆ ಬರಲಿಲ್ಲ’ ಎಂಬುದಕ್ಕೂ ‘ಮಳೆ ಬಂದಿತೋ ಇಲ್ಲವೋ ತಿಳಿಯದು’ ಎಂಬುದಕ್ಕೂ ಇರುವ ಅಂತರವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮನಗಾಣಬಲ್ಲ. ಮೊದಲನೆಯದು ತಿಳಿವಳಿಕೆ, ಎರಡನೆಯದು ತಿಳಿವಳಿಕೆಯ ಅಭಾವ. ಗಣಕಯಂತ್ರಕ್ಕೆ ಈ ವಿವೇಕವಿಲ್ಲ. ಆದಕಾರಣ ತಿಳಿಯದ ದಿನಕ್ಕೆ ಒಂದು ಅಸಂಭವವಾದ ಅಂಕೆಯನ್ನು ಗುರುತಾಗಿ ಇಡುತ್ತಾರೆ. ಸ್ವಾಟ್ ಮಾದರಿಯಲ್ಲಿ ಅದು ಋಣ 99; ಹವಾಮಾನ ಇಲಾಖೆಯ ಮಳೆಯ ಜಾಲದಲ್ಲಿ ಋಣ 999; ಉಷ್ಣತೆಯ ಜಾಲದಲ್ಲಿ 99.9. ಒಂದು ಕಡೆಯ ಗುರುತನ್ನು ಇನ್ನೊಂದು ಕಡೆಗೆ ಬದಲಿಸದೆ ಸಾಗಿಸಿದರೆ ಯಂತ್ರವು ಗುರುತನ್ನೇ ಮಳೆಯೆಂದೂ ಬಿಸಿಲೆಂದೂ ನಂಬಿಬಿಡುತ್ತದೆ. 99.9 ಡಿಗ್ರಿಯ ಬಿಸಿಲಿನಲ್ಲಿ ಕೆರೆ ಕುದಿಯದೆ ಇದ್ದೀತೆ? ಕಣ್ಣಿಗೆ ಹೊಡೆಯುವ ಇಂಥ ಪ್ರಮಾದಗಳು ಬೇಗ ಸಿಕ್ಕಿಬೀಳುತ್ತವೆ. ಸಿಕ್ಕದಿರುವುದು ಸಾಧುವಾಗಿ ಕುಳಿತ ಸೊನ್ನೆಯೇ. ಅಕ್ಕಪಕ್ಕದ ಎಲ್ಲ ಮಾಪಕಗಳಲ್ಲೂ ಮಳೆಯಾದ ದಿನ ಒಂದರಲ್ಲಿ ಮಾತ್ರ ಸೊನ್ನೆಯಿದ್ದರೆ, ಅಥವಾ ನಡುಮುಂಗಾರಿನಲ್ಲಿ ಇಡೀ ತಿಂಗಳು ಸೊನ್ನೆಗಳೇ ಸಾಲುಗಟ್ಟಿದ್ದರೆ, ಅಲ್ಲಿ ಸಂಶಯಪಡುವುದು ವಿಹಿತ. ಸ್ವಯಂಚಾಲಿತ ಮಾಪಕವೂ ಇದಕ್ಕೆ ಹೊರತಲ್ಲ. ಅದರ ಬಾಯಲ್ಲಿ ಎಲೆ ಸಿಕ್ಕಿಕೊಂಡರೆ, ಜೇಡ ಬಲೆ ಕಟ್ಟಿದರೆ, ಅದೂ ಸೊನ್ನೆಯನ್ನೇ ಕಳುಹಿಸುತ್ತದೆ.

ಹಳೆಯ ಪುಸ್ತಕಗಳಲ್ಲಿ ಇನ್ನೊಂದು ತೊಡಕು ಅಳತೆಯ ಮಾನದ್ದು. ಮೆಟ್ರಿಕ್ ಪದ್ಧತಿ ರೂಢಿಗೆ ಬರುವ ಮೊದಲು ಮಳೆಯನ್ನು ಅಂಗುಲ ಮತ್ತು ಸೆಂಟುಗಳಲ್ಲಿ ಬರೆಯುತ್ತಿದ್ದರು. ಒಂದು ಅಂಗುಲಕ್ಕೆ 25.4 ಮಿ.ಮೀ.; ಅಂಗುಲದ ನೂರನೆಯ ಒಂದು ಭಾಗವೇ ಸೆಂಟು. 52 ಸೆಂಟು ಮಳೆಯನ್ನು 52 ಮಿ.ಮೀ. ಎಂದು ಓದಿದರೆ ಮಳೆ ನಾಲ್ಕು ಪಟ್ಟಾಗುತ್ತದೆ. ಮಾಪಕವನ್ನು ಒಂದು ಕಚೇರಿಯ ಅಂಗಳದಿಂದ ಇನ್ನೊಂದಕ್ಕೆ ಸಾಗಿಸಿದ್ದುಂಟು. ಪಕ್ಕದಲ್ಲಿ ನೆಟ್ಟ ಸಸಿ ಮರವಾಗಿ ಬೆಳೆದು ಅದಕ್ಕೆ ಮರೆಯಾದದ್ದೂ ಉಂಟು. ಇವನ್ನು ಪತ್ತೆ ಹಚ್ಚಲು ಒಂದು ಸರಳ ಉಪಾಯವಿದೆ. ಸಂಶಯವಿರುವ ಮಾಪಕದ ಮಳೆಯನ್ನು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗಬೇಕು, ನೆರೆಯ ಮಾಪಕಗಳ ಸರಾಸರಿಯನ್ನೂ ಹಾಗೆಯೇ ಕೂಡಬೇಕು. ಎರಡನ್ನೂ ನಕ್ಷೆಕಾಗದದ ಮೇಲೆ ಎದುರುಬದುರಾಗಿ ಗುರುತಿಸಬೇಕು. ಮಾಪಕ ನೆಟ್ಟಗಿದ್ದರೆ ಗೆರೆ ನೆಟ್ಟಗಿರುತ್ತದೆ. ಗೆರೆ ಬಾಗಿದ ವರ್ಷದಲ್ಲಿ ಏನೋ ನಡೆದಿದೆಯೆಂದರ್ಥ.

ದಿನಾಂಕದ ವಿಷಯವು ಇದಕ್ಕಿಂತ ನಾಜೂಕಾದದ್ದು. ಬೆಳಿಗ್ಗೆ 8.30ಕ್ಕೆ ಓದಿದ ಮಳೆಯು ಹಿಂದಿನ ದಿನ 8.30ರಿಂದ ಅಂದಿನವರೆಗಿನ ಇಪ್ಪತ್ತನಾಲ್ಕು ಗಂಟೆಗಳದು. ಒಂಬತ್ತನೆಯ ತಾರೀಖಿನ ಸಂಜೆ ಸುರಿದ ಮಳೆ ಪುಸ್ತಕದಲ್ಲಿ ಹತ್ತನೆಯ ತಾರೀಖಿನದಾಗುತ್ತದೆ. ಗ್ರಾಮ ಪಂಚಾಯತಿಯ ಸ್ವಯಂಚಾಲಿತ ಮಾಪಕದ ಲೆಕ್ಕವನ್ನು ನಡುರಾತ್ರಿಯಿಂದ ನಡುರಾತ್ರಿಗೆ ಕೂಡಿದರೆ ಅದೇ ಮಳೆ ಒಂಬತ್ತರಲ್ಲಿ ನಿಲ್ಲುತ್ತದೆ. ಉಪಗ್ರಹದಿಂದ ಅಂದಾಜಿಸಿದ ಮಳೆಯಾದರೋ ಗ್ರೀನಿಚ್ ವೇಳೆಯದು. ಆ ದಿನ ನಮ್ಮಲ್ಲಿ ಬೆಳಗಿನ 5.30ಕ್ಕೆ ಆರಂಭವಾಗುತ್ತದೆ. ಮೂರನ್ನೂ ಬೆರೆಸಿ ಉಣಿಸಿದಾಗ ಒಂದೇ ಮಳೆ ಎರಡು ದಿನ ಅರ್ಧರ್ಧ ಸುರಿದಂತಾಗುತ್ತದೆ. ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳಕ್ಕೆ ಬ್ಯಾಲದಹಳ್ಳಿಯಲ್ಲಿ ಕೇಂದ್ರ ಜಲ ಆಯೋಗದ ಹರಿವಿನ ಅಳತೆಯ ಕೇಂದ್ರವಿದೆ. ಇಂಥ ಚಿಕ್ಕ ಹೊಳೆಗಳಲ್ಲಿ ಮಳೆಗೂ ಪ್ರವಾಹಕ್ಕೂ ನಡುವೆ ಉಳಿಯುವ ಅವಧಿ ಕೆಲವೇ ಗಂಟೆಗಳದು. ಅಲ್ಲಿ ಒಂದು ದಿನದ ತಪ್ಪಾದರೆ, ಮಳೆ ಬರುವ ಮೊದಲೇ ಹಳ್ಳ ಬಂದಿತೆಂಬ ವಿಚಿತ್ರ ನಿರ್ಣಯಕ್ಕೆ ಬರಬೇಕಾಗುತ್ತದೆ.

ಅಂಕೆಗಳೆಲ್ಲ ಶುದ್ಧವಾದ ಮೇಲೂ ಸರಾಸರಿಯೆಂಬುದರಲ್ಲಿಯೇ ಒಂದು ಮೋಸ ಉಳಿದಿರುತ್ತದೆ. ಒಂದು ಚೌಕದ ನಾಲ್ಕನೆಯ ಒಂದು ಭಾಗದಲ್ಲಿ 60 ಮಿ.ಮೀ. ಮಳೆ ಸುರಿದು ಉಳಿದ ಭಾಗವೆಲ್ಲ ಒಣಗಿತ್ತೆನ್ನೋಣ. ಚೌಕದ ಸರಾಸರಿ 15 ಮಿ.ಮೀ. ಹರಿವನ್ನು ಲೆಕ್ಕ ಹಾಕಲು ಅಮೆರಿಕದ ಮಣ್ಣು ಸಂರಕ್ಷಣಾ ಸೇವೆಯವರು ರೂಪಿಸಿದ ಪ್ರಸಿದ್ಧ ಸೂತ್ರವಿದೆ. ಮಣ್ಣು ಮತ್ತು ಬೆಳೆಯ ಗುಣವನ್ನು ಸೂಚಿಸುವ ಅಂಕ ಆ ಸೂತ್ರದಲ್ಲಿ 80 ಎಂದಿಟ್ಟರೆ, ಮೊದಲ 12.7 ಮಿ.ಮೀ. ಮಳೆಯನ್ನು ನೆಲವೇ ನುಂಗಿಬಿಡುತ್ತದೆ. ಅನಂತರವೇ ನೀರು ಹರಿಯತೊಡಗುವುದು. 60 ಮಿ.ಮೀ. ಬಿದ್ದ ಕಡೆ 20 ಮಿ.ಮೀ.ನಷ್ಟು ಹರಿವು ಬರುತ್ತದೆ. ಇಡೀ ಚೌಕಕ್ಕೆ ಹಂಚಿದರೆ 5 ಮಿ.ಮೀ. ಆದರೆ 15 ಮಿ.ಮೀ. ಎಂಬ ಸರಾಸರಿಯನ್ನೇ ಸೂತ್ರಕ್ಕೆ ಕೊಟ್ಟರೆ ಬರುವ ಹರಿವು 0.1 ಮಿ.ಮೀ.ಗಿಂತಲೂ ಕಡಿಮೆ. ಕೆರೆಯ ಕೋಡಿ ಬಿದ್ದಿರುವಾಗ ಯಂತ್ರವು ಹಳ್ಳ ಒಣಗಿದೆಯೆನ್ನುತ್ತದೆ. ಚೌಕವನ್ನು ಚಿಕ್ಕದು ಮಾಡಬಹುದು; ಆದರೆ ಮಾಪಕಗಳು ಹೆಚ್ಚದೆ ಚೌಕವನ್ನು ಮಾತ್ರ ಸೀಳುವುದು ಒಂದೇ ರೊಟ್ಟಿಯನ್ನು ಹೆಚ್ಚು ಚೂರು ಮಾಡಿದಂತೆ, ರೊಟ್ಟಿ ಬೆಳೆಯದು. ಪಂಚಾಯತಿಗೊಂದು ಮಾಪಕವಿರುವ ಕರ್ನಾಟಕದಂಥ ಕಡೆ ಮಾತ್ರ ಚಿಕ್ಕ ಚೌಕಕ್ಕೆ ಅರ್ಥವಿದೆ.

ಸರಾಸರಿಯ ಇನ್ನೊಂದು ಪರಿಣಾಮವೆಂದರೆ ಸುಳ್ಳು ತುಂತುರು. ಎಲ್ಲೋ ಒಂದು ಕಡೆ ಬಿದ್ದ ಮಳೆ ಸುತ್ತಲ ಬಿಂದುಗಳಿಗೆಲ್ಲ ಚೂರುಚೂರಾಗಿ ಹಂಚಿಹೋಗುವುದರಿಂದ, ಜಾಲದಲ್ಲಿ ಮಳೆಯ ದಿನಗಳು ಹೆಚ್ಚುತ್ತವೆ, ಭಾರೀ ಮಳೆಗಳು ತಗ್ಗುತ್ತವೆ. ಇದು ಕೇವಲ ಪಂಡಿತರ ಚರ್ಚೆಯ ವಿಷಯವೆಂದು ಭಾವಿಸಲಾಗದು. 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನವನ್ನಷ್ಟೇ ಮಳೆಯ ದಿನವೆಂದು ನಮ್ಮ ದೇಶದಲ್ಲಿ ಗಣಿಸುತ್ತಾರೆ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯಂತೆ, ಮುಂಗಾರಿನಲ್ಲಿ ಸತತ ಮೂರು ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಶುಷ್ಕ ಅವಧಿ. ಮೆಕ್ಕೆಜೋಳ ಬಾಡುತ್ತಿರುವ ಹೊಲದ ಮೇಲೆ ಕಾಗದದಲ್ಲಿ ಮಾತ್ರ ಬಿದ್ದ ತುಂತುರು ಆ ಎಣಿಕೆಯನ್ನು ಮುರಿದೀತು. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆಯಂಥ ತೋಟದ ಬೆಳೆಗಳಿಗೆ ಪರಿಹಾರ ನಿರ್ಧಾರವಾಗುವುದೂ ಮಾಪಕದ ಅಂಕೆಗಳಿಂದಲೇ. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಅದೇ ವರ್ಷ ಭದ್ರಾ ನಾಲೆಯಲ್ಲಿ ಎಷ್ಟು ದಿನ ನೀರು ಹರಿಸಬೇಕೆಂಬ ಲೆಕ್ಕವು ದಾವಣಗೆರೆಯ ರೈತರನ್ನು ಬೀದಿಗಿಳಿಸಿತು.

ಆ ಭದ್ರೆಯ ಲೆಕ್ಕವನ್ನು ಮಾಡುವವರು ದಾವಣಗೆರೆಯ ಚೌಕವನ್ನು ಬಿಟ್ಟು ಮಲೆನಾಡಿಗೆ ಹೋಗಬೇಕು. ನಾಲೆಯಲ್ಲಿ ಹರಿಯುವುದು ಕುದುರೆಮುಖದ ಸಾಲಿನ ಗಂಗಾಮೂಲದಿಂದ ಲಕ್ಕವಳ್ಳಿಯವರೆಗೆ ಬಿದ್ದ ಮಳೆ. ಅಣೆಕಟ್ಟಿನ ಮೇಲಣ ಜಲಾನಯನ ಪ್ರದೇಶ ಸುಮಾರು 1968 ಚದರ ಕಿ.ಮೀ.; ಜಲಾಶಯದ ಸಾಮರ್ಥ್ಯ 71.5 ಟಿ.ಎಂ.ಸಿ. ಕಾಲು ಡಿಗ್ರಿಯ ಜಾಲದಲ್ಲಿ ಅಷ್ಟು ನೆಲಕ್ಕೆ ಮೂರು ಚೌಕಗಳೂ ತುಂಬುವುದಿಲ್ಲ. ಆ ಮೂರರೊಳಗೆ ಘಟ್ಟದ ನೆತ್ತಿಯೂ ಇದೆ, ಮಳೆನೆರಳಿನ ತಗ್ಗೂ ಇದೆ. ದಾವಣಗೆರೆಯಿಂದ ಸುಮಾರು 140 ಕಿ.ಮೀ. ದೂರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆಂಬುದನ್ನು ನೆನೆದರೆ, ಘಟ್ಟದಿಂದ ಪೂರ್ವಕ್ಕೆ ಮಳೆ ಎಷ್ಟು ಕಡಿದಾಗಿ ಇಳಿಯುತ್ತದೆಂಬುದು ಹೊಳೆಯುತ್ತದೆ. ಮಾಪಕಗಳಿರುವುದು ಜನವಸತಿಯ ಊರುಗಳಲ್ಲಿ. ದಟ್ಟ ಮಳೆ ಬೀಳುವುದು ಜನರಿಲ್ಲದ ಕಾಡಿನ ಶಿಖರಗಳಲ್ಲಿ. ಆದ್ದರಿಂದ ದೂರವನ್ನಷ್ಟೇ ನೋಡಿ ತೂಕ ಹಂಚಿದರೆ ಬೆಟ್ಟದ ಮಳೆ ಕಡಿಮೆಯಾಗಿ ಕಾಣುತ್ತದೆ. ಎತ್ತರವನ್ನೂ ಪಶ್ಚಿಮಾಭಿಮುಖವಾದ ಇಳಿಜಾರನ್ನೂ ಗಣನೆಗೆ ತಂದು ತಿದ್ದುವುದು ಅವಶ್ಯ.

ಮಳೆಯಂತೆಯೇ ಗರಿಷ್ಠ ಕನಿಷ್ಠ ಉಷ್ಣತೆ, ಗಾಳಿಯ ವೇಗ, ತೇವಾಂಶ, ಬಿಸಿಲಿನ ತೀವ್ರತೆಗಳೂ ಮಾದರಿಗೆ ಬೇಕು. ಆವಿಯಾಗುವ ನೀರಿನ ಲೆಕ್ಕ ಇವುಗಳ ಮೇಲೆ ನಿಂತಿದೆ. ಇವುಗಳಲ್ಲಿ ಉಷ್ಣತೆಯೇ ವಿನಯಶೀಲ. ಮಳೆಯಂತೆ ಬದುವಿನಿಂದ ಬದುವಿಗೆ ಬದಲಾಗದು. ಚಿತ್ರದುರ್ಗದ ವೀಕ್ಷಣಾಲಯದ ಉಷ್ಣತೆಯನ್ನು ದಾವಣಗೆರೆಗೆ ತರುವಾಗ ಎತ್ತರದ ತಿದ್ದುಪಡಿ ಮಾಡಿದರೆ ಬಹುಪಾಲು ಸಾಕು. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪಾಗುವುದೆಂಬ ನಿಯಮದಂತೆ, ದುರ್ಗಕ್ಕಿಂತ ನೂರಮೂವತ್ತು ಮೀಟರಿನಷ್ಟು ತಗ್ಗಿನಲ್ಲಿರುವ ದಾವಣಗೆರೆಗೆ 0.8 ಡಿಗ್ರಿ ಕೂಡಬೇಕಾಗುತ್ತದೆ. ಗಾಳಿ, ತೇವಾಂಶಗಳ ದಾಖಲೆ ದೊರೆಯದ ಕಡೆ ಉಷ್ಣತೆಯೊಂದರಿಂದಲೇ ಬಾಷ್ಪೀಭವನವನ್ನು ಅಂದಾಜು ಮಾಡುವ ಹಾರ್ಗ್ರೀವ್ಸ್ ಮತ್ತು ಸಮಾನಿಯವರ 1985ರ ಸೂತ್ರ ನೆರವಿಗೆ ಬರುತ್ತದೆ.

ಹೀಗೆ ಶೋಧಿಸಿ, ತಿದ್ದಿ, ದಿನಾಂಕ ಹೊಂದಿಸಿ, ಪ್ರತಿಯೊಂದು ಚೌಕಕ್ಕೂ ಒಂದೊಂದು ಕಡತವನ್ನು ಬರೆದಿಟ್ಟ ಮೇಲೆ ಮಾದರಿಯ ಕೆಲಸ ಮೊದಲಾಗುತ್ತದೆ. ಯಾವ ಅಂಕೆಯನ್ನು ಯಾವ ಕಾರಣಕ್ಕಾಗಿ ತಿದ್ದಲಾಯಿತು ಎಂಬ ಟಿಪ್ಪಣಿಯೂ ಕಡತದ ಜೊತೆಗಿರತಕ್ಕದ್ದು. ಬಲ್ಲವರೇ ಇದನ್ನು ಉಪೇಕ್ಷಿಸುವುದು ವಿಷಾದದ ಸಂಗತಿ. ಮೂಲದ ಅಂಕೆಯನ್ನು ಅಳಿಸಿ ತಿದ್ದಿದ್ದನ್ನು ಮಾತ್ರ ಉಳಿಸಿದರೆ, ತಿದ್ದಿದವನೇ ತಪ್ಪಿದ್ದಾಗ ಹಿಂದಿರುಗಲು ದಾರಿಯಿರದು. ಮಾದರಿ ಕೊಟ್ಟ ಹರಿವನ್ನು ಬ್ಯಾಲದಹಳ್ಳಿಯಂಥ ಕೇಂದ್ರದಲ್ಲಿ ನಿಜವಾಗಿ ಅಳೆದ ಹರಿವಿನೊಡನೆ ಹೋಲಿಸುತ್ತಾರೆ. ಎರಡೂ ಹೊಂದದಿದ್ದಾಗ ಮಣ್ಣಿನ ಗುಣಾಂಕಗಳನ್ನು ಎಳೆದಾಡಿ ಹೇಗೋ ಹೊಂದಿಸಿಬಿಡುವ ಚಪಲ ಸಹಜ. ಹಾಗೆ ಮಾಡಿದರೆ ಮಳೆಯ ತಪ್ಪನ್ನು ಮಣ್ಣಿನ ತಲೆಗೆ ಕಟ್ಟಿದಂತಾಗುತ್ತದೆ. ಅದಕ್ಕೂ ಮೊದಲು, ಲೆಕ್ಕ ತಪ್ಪಿದ ದಿನಗಳು ಯಾವುವೆಂದು ಗುರುತು ಹಾಕಿಕೊಂಡು ಆಯಾ ಮಾಪಕದ ಹಳೆಯ ಪುಸ್ತಕವನ್ನು ತರಿಸಿ, ಆ ದಿನದ ಅಂಕಣದಲ್ಲಿ ಬರೆದವರ ಕೈಯಿಂದ ಮೂಡಿದ್ದು ಸೊನ್ನೆಯೋ, ಅಡ್ಡಗೆರೆಯೋ, ಅಥವಾ ಏನೂ ಬರೆಯದ ಬಿಳಿಯ ಕಾಗದವೋ ಎಂದು ಕಣ್ಣಾರೆ ನೋಡಬೇಕಾಗುತ್ತದೆ.